ಕೊಲೆಗಾರ ಗೊತ್ತಾದ ಮೇಲೆ: ಮಧ್ಯಯುಗದ ಇಂಗ್ಲಿಷ್ ಪತ್ತೇದಾರಿ ಕಥೆಗಳಲ್ಲಿ ಶೆರಿಫ್

ಮಧ್ಯಯುಗದ ಇಂಗ್ಲೆಂಡಿನಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಗಳನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಸಾಮಾನ್ಯವಾಗಿ ಪತ್ತೇದಾರನೇ. ಅವನು ಮಠದ ತೋಟದಲ್ಲಿ ಗಿಡಮೂಲಿಕೆ ಬೆಳೆಯುವ ಸನ್ಯಾಸಿಯಾಗಿರಬಹುದು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ವೈದ್ಯನಾಗಿರಬಹುದು, ಯುದ್ಧದಿಂದ ಮರಳಿದ ನೈಟ್ ಆಗಿರಬಹುದು. ಈ ಕಾದಂಬರಿಗಳನ್ನು ಹಲವು ವರ್ಷಗಳಿಂದ ಮತ್ತೆ ಮತ್ತೆ ಓದುತ್ತ ಬಂದ ನನಗೆ ಈಗ ಹೆಚ್ಚು ಮುಖ್ಯನಾಗಿ ಕಾಣುವವನು ಬೇರೊಬ್ಬ. ಪತ್ತೇದಾರ ತಾನು ಕಂಡುಕೊಂಡದ್ದನ್ನು ಯಾರ ಮುಂದೆ ಹೇಳಬೇಕೋ ಅವನು, ಕೇಳಿಸಿಕೊಂಡ ಮೇಲೆ ಏನಾದರೂ ಮಾಡಲೇಬೇಕಾದ ಅಧಿಕಾರಿ, ಅಂದರೆ ಶೆರಿಫ್. ಕೊಂದವರು ಯಾರೆಂದು ಗೊತ್ತಾದೊಡನೆ ಸನ್ಯಾಸಿಯ ಕೆಲಸ ಮುಗಿಯಬಹುದು. ಹಗ್ಗ, ಸೆರೆಮನೆ, ಸೈನಿಕರು ಮತ್ತು ರಾಜನ ಮುದ್ರೆ ಇರುವವನ ಕೆಲಸ ಶುರುವಾಗುವುದೇ ಅಲ್ಲಿಂದ. ಲೇಖಕನೊಬ್ಬ ನ್ಯಾಯವೆಂದರೆ ಏನೆಂದು ನಂಬಿದ್ದಾನೆ ಎಂಬುದು ಅವನ ಪತ್ತೇದಾರನ ಜಾಣ್ಮೆಗಿಂತ ಅವನ ಶೆರಿಫ್ ಮಾಡುವ ಮತ್ತು ಮಾಡದೇ ಬಿಡುವ ಕೆಲಸಗಳಲ್ಲಿ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ ಎನ್ನುವುದು ನನ್ನ ತಿಳುವಳಿಕೆ.

ನಮ್ಮಲ್ಲಿ ಶೆರಿಫ್ ಎಂದೊಡನೆ ಕೌಬಾಯ್ ಸಿನಿಮಾಗಳ ಎದೆಯ ಮೇಲಿನ ನಕ್ಷತ್ರ ಕಣ್ಣಿಗೆ ಬರುತ್ತದೆ. ಹನ್ನೆರಡನೆಯ ಶತಮಾನದ ಇಂಗ್ಲಿಷ್ ಶೆರಿಫ್‌ಗೂ ಆ ನಕ್ಷತ್ರಕ್ಕೂ ಸಂಬಂಧವಿಲ್ಲ. ಅವನು ಒಂದಿಡೀ ಕೌಂಟಿಯಲ್ಲಿ ರಾಜನ ಪ್ರತಿನಿಧಿ. ಅನೇಕ ಕಡೆ ಕೋಟೆಯ ಉಸ್ತುವಾರಿ ಅವನದೇ, ಕೌಂಟಿಯ ನ್ಯಾಯಸಭೆಯನ್ನು ನಡೆಸುವವನು ಅವನೇ, ಕೈದಿಗಳನ್ನು ಕಾಯುವವನು, ಯುದ್ಧ ಬಂದರೆ ಜನರನ್ನು ಸೇರಿಸುವವನು, ರಾಜನ ಭೂಮಿಯ ಆದಾಯವನ್ನು ಎತ್ತಿ ತಲುಪಿಸುವವನು ಎಲ್ಲವೂ ಅವನೇ. ಪೊಲೀಸ್ ಪಡೆ ಎಂಬುದು ಇರಲಿಲ್ಲ. ಹೆಣ ಕಂಡವನು ಕೂಗೆಬ್ಬಿಸಬೇಕು, ಕೂಗು ಕೇಳಿದವರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬರಬೇಕು, ಬಾರದ ಊರು ದಂಡ ಕಟ್ಟಬೇಕು. ಸತ್ತವನು ಇಂಗ್ಲಿಷಿನವನೆಂದು ಬಂಧುಗಳು ಸಾಬೀತು ಮಾಡದಿದ್ದರೆ ಅವನನ್ನು ದೇಶ ಗೆದ್ದು ಆಳುತ್ತಿದ್ದ ನಾರ್ಮನ್ನರವನು ಎಂದೇ ಲೆಕ್ಕ ಹಿಡಿದು, ಕೊಲೆಗಾರ ಸಿಗದಿದ್ದಾಗ ಸುತ್ತಲಿನ ಸೀಮೆಯ ಮೇಲೆಲ್ಲ ಭಾರಿ ದಂಡ ಹೇರುವ ಕಾನೂನೂ ಇತ್ತು. ಹೀಗಾಗಿ ಹೊಲದ ಬದುವಿನಲ್ಲಿ ಬಿದ್ದ ಒಂದು ಹೆಣ ಸಂಬಂಧಿಕರ ದುಃಖವಷ್ಟೇ ಆಗಿರದೆ ಇಡೀ ಊರಿನ ಸಾಲವೂ ಆಗುತ್ತಿತ್ತು. ಊರಿನವರು ಶೆರಿಫ್‌ನ ಮುಂದೆ ಬಾಯಿ ಬಿಡದಿರುವುದಕ್ಕೆ, ಸುಳ್ಳು ಹೇಳುವುದಕ್ಕೆ, ಹೆಣವನ್ನು ರಾತ್ರೋರಾತ್ರಿ ಪಕ್ಕದ ಊರಿನ ಎಲ್ಲೆಗೆ ಸಾಗಿಸಿಬಿಡೋಣ ಎಂದು ಯೋಚಿಸುವುದಕ್ಕೆ ಕಾದಂಬರಿಕಾರರು ಕಾರಣಗಳನ್ನು ಕಲ್ಪಿಸಬೇಕಾದ ಅಗತ್ಯವೇ ಇಲ್ಲ, ಕಾನೂನೇ ಅವುಗಳನ್ನು ಒದಗಿಸಿಟ್ಟಿದೆ.

ಈ ಬಗೆಯ ಕಥೆಗಳಲ್ಲಿ ಶೆರಿಫ್‌ಗೆ ಅತ್ಯಂತ ದೊಡ್ಡ ಜಾಗ ಕೊಟ್ಟವರು ಎಡಿತ್ ಪಾರ್ಜಿಟರ್. 1913ರಲ್ಲಿ ಶ್ರಾಪ್‌ಶೈರ್‌ನಲ್ಲಿ ಹುಟ್ಟಿದ ಈಕೆ ಎಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ 1977ರಿಂದ 1994ರವರೆಗೆ ಬ್ರದರ್ ಕ್ಯಾಡ್‌ಫೇಲ್ ಎಂಬ ಬೆನೆಡಿಕ್ಟೈನ್ ಸನ್ಯಾಸಿಯ ಇಪ್ಪತ್ತು ಕಾದಂಬರಿಗಳನ್ನು ಬರೆದರು. ಕಥೆಗಳೆಲ್ಲ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ರಾಜ ಸ್ಟೀಫನ್ ಮತ್ತು ಸಾಮ್ರಾಜ್ಞಿ ಮಾಡ್ ನಡುವೆ ನಡೆದ ಅಂತರ್ಯುದ್ಧದ ಕಾಲದವು, ಹೆಚ್ಚಿನವು ಶ್ರೂಸ್‌ಬರಿ ಪಟ್ಟಣದಲ್ಲಿ ಮತ್ತು ಅದರ ಸುತ್ತಮುತ್ತ ನಡೆಯುವಂಥವು. ಎರಡನೆಯ ಪುಸ್ತಕ ‘ಒನ್ ಕಾರ್ಪ್ಸ್ ಟೂ ಮೆನಿ’ 1979ರಲ್ಲಿ ಬಂತು. ಅದರ ಹಿನ್ನೆಲೆ ಇತಿಹಾಸದಿಂದ ನೇರವಾಗಿ ತೆಗೆದದ್ದು. 1138ರ ಬೇಸಿಗೆಯಲ್ಲಿ ಶ್ರಾಪ್‌ಶೈರ್‌ನ ಶೆರಿಫ್ ವಿಲಿಯಂ ಫಿಟ್ಸ್‌ಅಲನ್ ಸಾಮ್ರಾಜ್ಞಿಯ ಪಕ್ಷ ವಹಿಸಿ ಶ್ರೂಸ್‌ಬರಿ ಕೋಟೆಯನ್ನು ಸ್ಟೀಫನ್‌ನ ವಿರುದ್ಧ ಹಿಡಿದುಕೊಂಡ. ಕೋಟೆ ಬಿದ್ದಾಗ ಶೆರಿಫ್ ತಪ್ಪಿಸಿಕೊಂಡ. ಅವನ ಸೋದರಮಾವ ಆರ್ನುಲ್ಫ್‌ನನ್ನೂ ಜೊತೆಗೆ 93ರಷ್ಟು ಮಂದಿಯನ್ನೂ ರಾಜ ಕೊಲ್ಲಿಸಿದನೆಂದು ಆರ್ಡೆರಿಕ್ ವಿಟಾಲಿಸ್ ಬರೆದಿಟ್ಟಿದ್ದಾನೆ. ನಾರ್ಮಂಡಿಯ ಮಠವೊಂದರಲ್ಲಿ ಕುಳಿತು ಚರಿತ್ರೆ ಬರೆದ ಈ ಆರ್ಡೆರಿಕ್ ಹುಟ್ಟಿದ್ದು ಶ್ರೂಸ್‌ಬರಿಯ ಪಕ್ಕದಲ್ಲೇ, ಆದ್ದರಿಂದ ಅವನು ಬರೆದದ್ದು ತನ್ನ ಸೀಮೆಯವರ ಸಾವಿನ ಲೆಕ್ಕ.

ಪಾರ್ಜಿಟರ್ ಆ ಲೆಕ್ಕಕ್ಕೆ ಒಂದನ್ನು ಸೇರಿಸುತ್ತಾರೆ. ಗಲ್ಲಿಗೇರಿದವರಿಗೆ ಕ್ರೈಸ್ತ ಸಂಸ್ಕಾರ ಸಿಗಲೆಂದು ಹೆಣಗಳನ್ನು ಹೊರಲು ಹೋದ ಕ್ಯಾಡ್‌ಫೇಲ್ ಎಣಿಸುತ್ತಾನೆ. ತೊಂಬತ್ತನಾಲ್ಕು ಇರಬೇಕಾದಲ್ಲಿ ತೊಂಬತ್ತೈದು ಇವೆ. ಹೆಚ್ಚಿನ ಒಂದು ದೇಹ ಗಲ್ಲಿನ ಹಗ್ಗದಿಂದ ಸತ್ತದ್ದಲ್ಲ, ಯಾರೋ ಹಿಂದಿನಿಂದ ಬಂದು ಕುತ್ತಿಗೆ ಬಿಗಿದ ಯುವಕನದು. ಅಷ್ಟು ಹೆಣಗಳ ನಡುವೆ ಒಂದನ್ನು ಬಚ್ಚಿಟ್ಟರೆ ಕೇಳುವವರು ಯಾರು ಎಂದು ಕೊಲೆಗಾರ ನೆಚ್ಚಿಕೊಂಡಿದ್ದ. ನನ್ನನ್ನು ಇವತ್ತಿಗೂ ಕಾಡುವ ಸಂಗತಿ ಇದರ ಆಚೆಗಿದೆ. ಈ ತೊಂಬತ್ತೈದನೆಯವನ ಸಾವನ್ನು ಕೊಲೆ ಎಂದು ಕರೆಯಬಹುದಾದರೆ ಉಳಿದ ತೊಂಬತ್ತನಾಲ್ಕನ್ನು ಏನೆಂದು ಕರೆಯಬೇಕು? ಗೆದ್ದ ರಾಜನ ಹೊಸ ಶೆರಿಫ್ ಗಿಲ್ಬರ್ಟ್ ಪ್ರೆಸ್ಟ್‌ಕೋಟ್ ಈ ಪ್ರಶ್ನೆಯನ್ನು ಕೇಳಿಕೊಳ್ಳುವವನಲ್ಲ. ಅವನು ಪ್ರಾಮಾಣಿಕ, ಲಂಚ ಮುಟ್ಟದವನು, ರಾಜನಿಗೆ ನಿಷ್ಠ. ಅಪ್ಪಣೆಯಾದರೆ ಗಲ್ಲಿಗೇರಿಸುತ್ತಾನೆ, ಅಪ್ಪಣೆ ಮೀರಿ ಒಬ್ಬ ಸತ್ತರೆ ವಿಚಾರಣೆಗೆ ಒಪ್ಪುತ್ತಾನೆ. ಕಾನೂನು ಎಂದರೆ ಅವನಿಗೆ ಅಪ್ಪಣೆಯ ಪಟ್ಟಿ.

ಇದೇ ಪುಸ್ತಕದಲ್ಲಿ ಹ್ಯೂ ಬೆರಿಂಗರ್ ಬರುತ್ತಾನೆ. ಇಪ್ಪತ್ತರ ಆಸುಪಾಸಿನ ಕುಳ್ಳನೆಯ, ಕಪ್ಪು ಕೂದಲಿನ, ಮಾತಿನಲ್ಲಿ ಯಾರಿಗೂ ಸುಲಭವಾಗಿ ಸಿಗದ ಯುವಕ. ಕೌಂಟಿಯ ಉತ್ತರದಲ್ಲಿ ಭೂಮಿ ಉಳ್ಳವನು, ರಾಜನಿಗೆ ಸೇವೆ ಒಪ್ಪಿಸಲು ತಡವಾಗಿ ಬಂದವನು. ಪುಸ್ತಕದ ಬಹುಭಾಗ ಓದುಗ ಅವನನ್ನೇ ಸಂಶಯಿಸುವಂತೆ ಲೇಖಕಿ ನಡೆಸುತ್ತಾರೆ. ಕ್ಯಾಡ್‌ಫೇಲ್ ಒಂದು ಕಡೆಯಿಂದ, ಹ್ಯೂ ಇನ್ನೊಂದು ಕಡೆಯಿಂದ ಓಡಿಹೋದ ಶೆರಿಫ್‌ನ ಸಂಪತ್ತಿನ ಸುತ್ತ ಪರಸ್ಪರ ಬಲೆ ಬೀಸುತ್ತಾರೆ, ಆ ಪೈಪೋಟಿಯಲ್ಲೇ ಗೆಳೆತನ ಹುಟ್ಟುತ್ತದೆ. ಕೊನೆಗೆ ಕೊಲೆಗಾರನ ಗುರುತು ಸಿಕ್ಕಾಗ (ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಓದದವರು ಓದಲಿ) ರಾಜ ಯುದ್ಧಕ್ಕೆ ಹೊರಡುವ ಅವಸರದಲ್ಲಿದ್ದಾನೆ, ವಿಚಾರಣೆಗೆ ಕಾಯುವ ವ್ಯವಧಾನ ಅವನಿಗಿಲ್ಲ. ಆಗ ಹ್ಯೂ ದ್ವಂದ್ವಯುದ್ಧಕ್ಕೆ ಸವಾಲು ಹಾಕಿ ತನ್ನ ಪ್ರಾಣವನ್ನೇ ಸಾಕ್ಷ್ಯವಾಗಿ ಒಡ್ಡುತ್ತಾನೆ. ದೇವರು ಸತ್ಯವಂತನ ಕತ್ತಿಗೆ ಜಯ ಕೊಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತ ಈ ವಿಧಾನವನ್ನು ನಾರ್ಮನ್ನರು ಇಂಗ್ಲೆಂಡಿಗೆ ತಂದರು. ಅಷ್ಟು ಹೊತ್ತು ಎಣಿಕೆ, ಗಾಯದ ಗುರುತು, ಕಠಾರಿಯಿಂದ ಮುರಿದು ಬಿದ್ದ ಹಳದಿ ಕಲ್ಲಿನ ಚೂರು ಎಂದು ತರ್ಕದಿಂದ ನಡೆದ ಶೋಧ ಕೊನೆಯಲ್ಲಿ ಇಬ್ಬರು ಮನುಷ್ಯರ ತೋಳ್ಬಲಕ್ಕೆ ಬಂದು ನಿಲ್ಲುವುದನ್ನು ಕೆಲವರು ದೋಷವೆಂದು ಎಣಿಸುತ್ತಾರೆ. ನನಗೆ ಅದು ಲೇಖಕಿಯ ಪ್ರಾಮಾಣಿಕತೆಯಾಗಿ ಕಾಣುತ್ತದೆ. ಆ ಕಾಲದಲ್ಲಿ ಸಾಕ್ಷ್ಯಕ್ಕೆ ತನ್ನಷ್ಟಕ್ಕೆ ಬೆಲೆಯಿರಲಿಲ್ಲ. ಅದಕ್ಕೆ ಜಾಮೀನಾಗಿ ನಿಲ್ಲುವ ಮನುಷ್ಯ ಬೇಕಿತ್ತು. ಹ್ಯೂ ಉಪಶೆರಿಫ್ ಆಗುವುದು ಹೀಗೆ.

1141ರ ಫೆಬ್ರವರಿಯಲ್ಲಿ ಲಿಂಕನ್ ಕದನದಲ್ಲಿ ಸ್ಟೀಫನ್ ಸೋತು ಸೆರೆಯಾದ. ಆ ಸೋಲಿನ ಹಿನ್ನೆಲೆಯಲ್ಲಿ ಬರೆದ ‘ಡೆಡ್ ಮ್ಯಾನ್ಸ್ ರ‍್ಯಾನ್ಸಮ್’ ಕಾದಂಬರಿಯಲ್ಲಿ ಪ್ರೆಸ್ಟ್‌ಕೋಟ್ ವೇಲ್ಸಿನವರ ಕೈಗೆ ಸಿಕ್ಕಿ, ಕೈದಿಗಳ ವಿನಿಮಯದಲ್ಲಿ ಗಾಯಾಳುವಾಗಿ ಮರಳಿ, ಮಠದ ಆಸ್ಪತ್ರೆಯ ಹಾಸಿಗೆಯಲ್ಲೇ ಕೊಲೆಯಾಗುತ್ತಾನೆ. ಕೌಂಟಿಯ ಹೊಣೆ ಹ್ಯೂನ ಹೆಗಲಿಗೆ ಬೀಳುತ್ತದೆ. ಅವನ ಮೊದಲ ದೊಡ್ಡ ಮೊಕದ್ದಮೆ ತನ್ನ ಮೇಲಧಿಕಾರಿಯ ಕೊಲೆಯದೇ ಆಗುತ್ತದೆ, ಅದೂ ಹೊರಗಡೆ ವೇಲ್ಸಿನ ಗಡಿ ಅಲುಗಾಡುತ್ತಿರುವಾಗ. ಶೆರಿಫ್‌ನ ಅಧಿಕಾರಕ್ಕೆ ಎಲ್ಲೆ ಇದೆ ಎನ್ನುವುದನ್ನು ಈ ಸರಣಿ ಮರೆಯುವುದೇ ಇಲ್ಲ. ಪಶ್ಚಿಮಕ್ಕೆ ಕೆಲವು ಹರದಾರಿ ಹೋದರೆ ಬೇರೆ ಜನ, ಬೇರೆ ಕಾನೂನು, ಓವೈನ್ ಗ್ವಿನೆಡ್‌ನಂಥ ರಾಜ. ಊರಿನೊಳಗೇ ಇನ್ನೊಂದು ಎಲ್ಲೆಯಿದೆ, ಅದು ಮಠದ ಬಾಗಿಲು.

ಆ ಬಾಗಿಲನ್ನು ಅತ್ಯಂತ ಹತ್ತಿರದಿಂದ ತೋರಿಸುವ ಪುಸ್ತಕ 1983ರ ‘ದಿ ಸ್ಯಾಂಕ್ಚುವರಿ ಸ್ಪ್ಯಾರೋ’. ಚಿನಿವಾರನ ಮನೆಯ ಮದುವೆಗೆ ದೊಂಬರಾಟ ತೋರಿಸಲು ಬಂದಿದ್ದ ಲಿಲಿವಿನ್ ಎಂಬ ಬಡ ಹುಡುಗನನ್ನು ಗುಂಪೊಂದು ಕಳ್ಳ, ಕೊಲೆಗಾರ ಎಂದು ಅಟ್ಟಿಸಿಕೊಂಡು ಬರುತ್ತದೆ. ಸನ್ಯಾಸಿಗಳು ನಡುರಾತ್ರಿಯ ಪ್ರಾರ್ಥನೆಯಲ್ಲಿರುವಾಗ ಅವನು ಒಳಗೆ ನುಗ್ಗಿ ಬಲಿಪೀಠದ ವಸ್ತ್ರವನ್ನು ಹಿಡಿದುಕೊಳ್ಳುತ್ತಾನೆ. ಅವನಿಗೆ ನಲವತ್ತು ದಿನಗಳ ಆಶ್ರಯ ಸಿಗುತ್ತದೆ. ಕಾನೂನಿನ ಪ್ರಕಾರ ಶೆರಿಫ್‌ನ ಜನ ಹೊರಗೆ ಕಾವಲಿರಬಹುದು, ಒಳಗೆ ಕೈ ಹಾಕುವಂತಿಲ್ಲ. ಒರಟು ಅಧಿಕಾರಿಯ ಕೈಯಲ್ಲಿ ಈ ನಲವತ್ತು ದಿನ ಅವಮಾನದ ಕಾಯುವಿಕೆಯಾಗುತ್ತಿತ್ತು. ಹ್ಯೂ ಅದನ್ನು ವಿಚಾರಣೆಗೆ ಸಿಕ್ಕ ಅವಧಿಯಾಗಿ ಬಳಸುತ್ತಾನೆ. ಚಿನಿವಾರ ಸತ್ತಿಲ್ಲ, ತಲೆಗೆ ಪೆಟ್ಟು ಬಿದ್ದಿದೆಯಷ್ಟೆ ಎಂಬ ಸರಳ ಸತ್ಯವೂ ಆ ರಾತ್ರಿಯ ಗುಂಪಿಗೆ ಬೇಕಿರಲಿಲ್ಲ ಎಂಬುದನ್ನು ನೆನೆದರೆ, ಗುಂಪಿಗೂ ಹಗ್ಗಕ್ಕೂ ನಡುವೆ ಕಾಲವನ್ನು ತಂದು ನಿಲ್ಲಿಸುವುದೇ ಶೆರಿಫ್ ಮಾಡಬಹುದಾದ ಮೊದಲ ಒಳ್ಳೆಯ ಕೆಲಸ ಎಂದು ಅರಿವಾಗುತ್ತದೆ.

ಇಷ್ಟೆಲ್ಲ ಮೆಚ್ಚಿದರೂ ಪಾರ್ಜಿಟರ್ ಅವರ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಹ್ಯೂ ದುಡ್ಡು ಎತ್ತುವುದನ್ನು ಅವರು ನಮಗೆ ತೋರಿಸುವುದೇ ಅಪರೂಪ. ನಿಜವಾದ ಶೆರಿಫ್‌ನ ವರ್ಷವೆಲ್ಲ ತಿರುಗುತ್ತಿದ್ದದ್ದು ದುಡ್ಡಿನ ಸುತ್ತ. ಅವನು ಕೌಂಟಿಯ ರಾಜಾದಾಯವನ್ನು ಒಂದು ನಿಗದಿತ ಮೊತ್ತಕ್ಕೆ ಗುತ್ತಿಗೆ ಹಿಡಿದಿರುತ್ತಿದ್ದ. ಈಸ್ಟರ್‌ಗೆ ಒಂದು ಭಾಗ ಕಟ್ಟಿ, ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್‌ಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು; ಅದರ ಮೇಲೆ ಜನರಿಂದ ಎಷ್ಟು ಕಿತ್ತರೂ ಅದು ಅವನದೇ. ರಾಜನ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ ಈ ಲೆಕ್ಕದ ಮೇಜನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಹತ್ತಡಿ ಉದ್ದ, ಐದಡಿ ಅಗಲ, ಹಾಕಿದ ನಾಣ್ಯ ಉರುಳಿ ಬೀಳದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು, ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಕಟ್ಟಿದ ಹಣಕ್ಕೆ ರಸೀದಿ ಎಂದರೆ ಕೆತ್ತಿದ ಕಡ್ಡಿ. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನ ದಪ್ಪ, ಇಪ್ಪತ್ತಕ್ಕೆ ಕಿರುಬೆರಳಿನದು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳು ಖಜಾನೆಗೆ, ಇನ್ನೊಂದು ಹೋಳು ಶೆರಿಫ್‌ಗೆ. ಕೌಂಟಿಯಲ್ಲಿ ಎಲ್ಲರನ್ನೂ ನಡುಗಿಸುತ್ತಿದ್ದ ಮನುಷ್ಯ ಆ ಮೇಜಿನ ಮುಂದೆ ಕೂತು, ಗುಮಾಸ್ತನೊಬ್ಬ ಬಿಲ್ಲೆಗಳನ್ನು ಸರಿಸುತ್ತಿದ್ದಂತೆ, ಮೊತ್ತ ಕೂಡಿ ಬರಲಿ ಎಂದು ಬೆವರುತ್ತಿದ್ದ. ಕ್ಯಾಡ್‌ಫೇಲ್ ಕಥೆಗಳಲ್ಲಿ ಈ ಮೈಕೆಲ್‌ಮಸ್ ಲೆಕ್ಕದ ಪ್ರಸ್ತಾಪ ಬಂದರೂ ಆ ಬೆವರು ಕಾಣುವುದಿಲ್ಲ. ಹ್ಯೂ ಯಾವ ಊರಿನಿಂದ ಎಷ್ಟು ಎತ್ತಿದ, ಬರಗಾಲದಲ್ಲಿ ಯಾರನ್ನು ಬಿಟ್ಟ ಎಂಬುದು ಗೊತ್ತಿದ್ದರೆ ಅವನ ಒಳ್ಳೆಯತನವನ್ನು ಇನ್ನೂ ಗಟ್ಟಿಯಾಗಿ ನಂಬಬಹುದಿತ್ತು.

ಲೇಖಕಿಗೆ ಇಲ್ಲಿ ಇತಿಹಾಸವೂ ಒತ್ತಾಸೆಯಾಗಿ ನಿಂತಿದೆ. ಪೈಪ್ ರೋಲ್ ಎಂದು ಕರೆಯುವ ಖಜಾನೆಯ ಲೆಕ್ಕದ ಸುರುಳಿಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1130ರದು. ಆಮೇಲೆ ಸುರುಳಿಗಳ ಸಾಲು ಮತ್ತೆ ಸಿಗುವುದು ಎರಡನೆಯ ಹೆನ್ರಿಯ ಕಾಲದಲ್ಲಿ, 1150ರ ದಶಕದ ನಡುವಿನಿಂದ. ಸ್ಟೀಫನ್‌ನ ಆಳ್ವಿಕೆಯ ಒಂದೂ ಉಳಿದಿಲ್ಲ. ಫಿಟ್ಸ್‌ಅಲನ್ ಓಡಿಹೋದ ಮೇಲೆ ಬಿದ್ದ ಆ ತೆರಪಿನಲ್ಲಿ ಪಾರ್ಜಿಟರ್ ತಮ್ಮ ಇಬ್ಬರು ಶೆರಿಫ್‌ರನ್ನು ಕೂರಿಸಿದ್ದಾರೆ.

ದುಡ್ಡಿನ ಮುಖವನ್ನು ಮುಚ್ಚುಮರೆಯಿಲ್ಲದೆ ತೋರಿಸಿದವರು ಬರ್ನಾರ್ಡ್ ನೈಟ್. ವೃತ್ತಿಯಿಂದ ವಿಧಿವಿಜ್ಞಾನ ರೋಗತಜ್ಞರಾಗಿದ್ದ ಅವರು 1998ರಲ್ಲಿ ಶುರು ಮಾಡಿದ ‘ಕ್ರೌನರ್ ಜಾನ್’ ಸರಣಿ 1194ರ ಡೆವನ್ ಕೌಂಟಿಯ ಎಕ್ಸೆಟರ್‌ನಲ್ಲಿ ತೆರೆದುಕೊಳ್ಳುತ್ತದೆ. ಆ ವರ್ಷದ ಸೆಪ್ಟೆಂಬರ್‌ನಲ್ಲೇ ಪ್ರತಿ ಕೌಂಟಿಯಲ್ಲೂ ಮೂವರು ನೈಟ್‌ಗಳು ಮತ್ತು ಒಬ್ಬ ಗುಮಾಸ್ತ ಸೇರಿ ರಾಜನಿಗೆ ಸೇರಿದ ಮೊಕದ್ದಮೆಗಳನ್ನು ದಾಖಲಿಸಬೇಕು ಎಂಬ ಆಜ್ಞೆ ಹೊರಟು ಕೊರೋನರ್ ಹುದ್ದೆ ಹುಟ್ಟಿತು. ಮೂರನೆಯ ಕ್ರುಸೇಡ್ ಎಂಬ ಧರ್ಮಯುದ್ಧ ಮತ್ತು ಸೆರೆಸಿಕ್ಕಿದ್ದ ರಿಚರ್ಡ್ ರಾಜನ ಬಿಡುಗಡೆಗೆ ತೆತ್ತ ಹಣದಿಂದ ಬರಿದಾಗಿದ್ದ ಖಜಾನೆಗೆ ಸೇರಬೇಕಾದ ದಂಡದ ದುಡ್ಡು ಶೆರಿಫ್‌ರ ಜೇಬಿಗೆ ಸೋರದಂತೆ ನೋಡುವುದು ಆ ಹುದ್ದೆಯ ಹಿಂದಿದ್ದ ಉದ್ದೇಶಗಳಲ್ಲೊಂದು. ಅಂದರೆ ಕೊರೋನರ್ ಶೆರಿಫ್‌ನ ಬೆನ್ನ ಮೇಲಿಟ್ಟ ಕಣ್ಣು. ಬರ್ನಾರ್ಡ್ ನೈಟ್ ಅವರ ಕಥೆಗಳಲ್ಲಿ ಕೊರೋನರ್ ಸರ್ ಜಾನ್ ಡಿ ವೂಲ್ಫ್‌ನ ಹೆಂಡತಿಯ ಅಣ್ಣನೇ ಶೆರಿಫ್ ರಿಚರ್ಡ್ ಡಿ ರೆವೆಲ್. ಈ ಭಾವಮೈದುನರ ಜಗಳ ಕಚೇರಿಯಲ್ಲಿ ನಡೆದು ಮನೆಯ ಊಟದ ಮೇಜಿನವರೆಗೂ ಹರಿದು ಬರುತ್ತದೆ. ಶೆರಿಫ್ ಹೊಸ ಅಧಿಕಾರಿಗೆ ಕೊಟ್ಟ ಕೋಣೆ ಕೋಟೆಯ ಹೆಬ್ಬಾಗಿಲಿನ ಮೇಲಿನ ಗೂಡಿನಂಥ ಇಕ್ಕಟ್ಟು ಜಾಗ. ಡಿ ರೆವೆಲ್‌ಗೆ ಯಾವ ಸಾವಿನಲ್ಲೂ ಬೇಕಾದದ್ದು ಬೇಗ ಸಿಗುವ ತಪ್ಪೊಪ್ಪಿಗೆ, ಜಪ್ತಿ ಮಾಡಬಹುದಾದ ಆಸ್ತಿ. ಜಾನ್‌ಗೆ ಬೇಕಾದದ್ದು ಗುಮಾಸ್ತ ಥಾಮಸ್‌ನ ಸುರುಳಿಯಲ್ಲಿ ಎಲ್ಲವೂ ದಾಖಲಾಗುವುದು.

ಡಿ ರೆವೆಲ್‌ನ ದುಷ್ಟತನ ಕೆಲವೊಮ್ಮೆ ಅತಿಯಾಯಿತು ಎನ್ನಿಸುತ್ತದೆ. ಆದರೆ ದಾಖಲೆಗಳನ್ನು ನೋಡಿದರೆ ಅದು ಅತಿಯಲ್ಲ. ವಿಜೇತ ವಿಲಿಯಂನ ಕಾಲದ ಕೇಂಬ್ರಿಜ್ ಶೆರಿಫ್ ಪಿಕೋ ತಮ್ಮ ಮಠದ ಭೂಮಿಯನ್ನು ಕಬಳಿಸಿದ ಸಿಟ್ಟಿಗೆ ಈಲಿಯ ಸನ್ಯಾಸಿಗಳು ಅವನನ್ನು ಹಸಿದ ಸಿಂಹ, ಅಲೆಯುವ ತೋಳ, ಕುಟಿಲ ನರಿ, ಕೆಸರಿನ ಹಂದಿ, ನಾಚಿಕೆಗೆಟ್ಟ ನಾಯಿ ಎಂದು ಬರೆದಿಟ್ಟರು. 1215ರ ಮ್ಯಾಗ್ನಾ ಕಾರ್ಟಾ ಶೆರಿಫ್‌ರು ರಾಜನ ಮೊಕದ್ದಮೆಗಳನ್ನು ತಾವೇ ತೀರ್ಮಾನಿಸುವುದನ್ನು ನಿಷೇಧಿಸಿತು. ಅಧಿಕಾರದಿಂದ ತೆಗೆದುಹಾಕಬೇಕಾದವರನ್ನು ಹೆಸರು ಹಿಡಿದೇ ಪಟ್ಟಿ ಮಾಡಿತು, ಅವರಲ್ಲಿ ನಾಟಿಂಗ್‌ಹ್ಯಾಮ್‌ನ ಶೆರಿಫ್ ಫಿಲಿಪ್ ಮಾರ್ಕ್ ಒಬ್ಬ. ರಾಬಿನ್ ಹುಡ್ ಕಥೆಗಳ ಕೆಟ್ಟ ಶೆರಿಫ್ ಯಾರೋ ಒಬ್ಬ ಕೆಟ್ಟವನ ಚಿತ್ರವೆಂದು ನನಗೆ ಅನ್ನಿಸುವುದಿಲ್ಲ. ಗುತ್ತಿಗೆಯ ಹುದ್ದೆ ಸಾಮಾನ್ಯ ಮನುಷ್ಯನನ್ನು ಏನು ಮಾಡುತ್ತದೆ ಎಂದು ಅದರ ಕೆಳಗೆ ಬದುಕಿದ ಜನ ಕಂಡದ್ದರ ಚಿತ್ರ ಅದು. ಬೇರೆ ಲೇಖಕರು ಬೇರೆ ದಾರಿ ಹಿಡಿದಿದ್ದಾರೆ. ಸುಸಾನಾ ಗ್ರೆಗರಿಯವರ ಹದಿನಾಲ್ಕನೆಯ ಶತಮಾನದ ಕೇಂಬ್ರಿಜ್ ಕಥೆಗಳಲ್ಲಿ ಶೆರಿಫ್ ಟುಲಿಯೆಟ್ ಯೋಗ್ಯ ಮನುಷ್ಯ, ಆದರೆ ವಿದ್ಯಾರ್ಥಿಗಳೆಲ್ಲ ಚರ್ಚಿನ ನ್ಯಾಯಕ್ಕೆ ಸೇರಿದವರಾದ್ದರಿಂದ ಊರಿನ ಅರ್ಧ ಜನರ ಮೇಲೆ ಅವನ ಕೈ ಸಾಗದು.

ಮತ್ತೆ ಹ್ಯೂನ ಕಡೆಗೆ ಬರುತ್ತೇನೆ, ಏಕೆಂದರೆ ಶೆರಿಫ್‌ನ ಪಾತ್ರ ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ 1986ರ ‘ದಿ ರೇವನ್ ಇನ್ ದಿ ಫೋರ್‌ಗೇಟ್’ ನನಗೆ ಅಳತೆಗೋಲು. 1141ರ ಚಳಿಗಾಲ. ಹೊಸದಾಗಿ ಬಂದ ಪಾದ್ರಿ ಐಲ್ನೋತ್ ನಿಯಮವನ್ನೇ ದೇವರೆಂದುಕೊಂಡವನು. ತಪ್ಪು ಮಾಡಿದ ಎಲೂನೆಡ್ ಎಂಬ ಹುಡುಗಿಗೆ ಅವನು ಕ್ಷಮೆಯನ್ನು ನಿರಾಕರಿಸಿದ, ಅವಳು ನೀರಿಗೆ ಬಿದ್ದು ಸತ್ತಳು. ಕ್ರಿಸ್ಮಸ್ ಹೊತ್ತಿಗೆ ಪಾದ್ರಿಯ ಹೆಣವೇ ಗಿರಣಿಯ ಕೊಳದಲ್ಲಿ ತೇಲುತ್ತದೆ, ಇಡೀ ಕೇರಿ ಮೌನ ವಹಿಸುತ್ತದೆ. ರಾಜನಿಂದ ಶೆರಿಫ್ ಪದವಿಯನ್ನು ಆಗಷ್ಟೇ ಖಾಯಂ ಮಾಡಿಸಿಕೊಂಡು ಬಂದ ಹ್ಯೂ ಶವಸಂಸ್ಕಾರದ ಹೊತ್ತಿನಲ್ಲಿ, ಊರೆಲ್ಲ ನೆರೆದಿರುವಾಗ, ತಾನು ಪೂರ್ತಿ ನಂಬದ ಆರೋಪವೊಂದನ್ನು ರೊಟ್ಟಿಯ ಅಂಗಡಿಯ ಜೋರ್ಡನ್‌ನ ಮೇಲೆ ಹೊರಿಸುತ್ತಾನೆ. ನಿರಪರಾಧಿಯೊಬ್ಬನಿಗೆ ಕುತ್ತು ಬಂದರೆ ಗೊತ್ತಿದ್ದವನು ಬಾಯಿ ಬಿಟ್ಟಾನು ಎಂಬುದು ಅವನ ಎಣಿಕೆ. ಇಲ್ಲಿ ಹ್ಯೂ ನನಗೆ ಇಷ್ಟವಾಗುವುದಿಲ್ಲ. ಭಯವನ್ನು ಉಪಕರಣವಾಗಿ ಬಳಸುವುದು ಡಿ ರೆವೆಲ್ ಮಾಡುವ ಕೆಲಸವೇ. ಆದರೂ ಬಾಯಿ ಬಿಡುವವನು ಬಿಡುತ್ತಾನೆ. ಇಗರ್ಜಿಯ ಕೆಲಸಗಾರ ಸಿನ್ರಿಕ್ ಮುಂದೆ ಬಂದು, ಪಾದ್ರಿ ನೀರಿಗೆ ಬಿದ್ದದ್ದನ್ನು ತಾನು ಕಂಡೆನೆಂದೂ, ಎಲೂನೆಡ್‌ಳನ್ನು ನೆನೆದು ಅವನನ್ನು ಎತ್ತದೆ ಹೊರಟುಹೋದೆನೆಂದೂ ಎಲ್ಲರೆದುರು ಹೇಳುತ್ತಾನೆ. ಯಾರೂ ಕೊಂದಿಲ್ಲ. ಕೈ ನೀಡದವನನ್ನು ಹಿಡಿಯಲು ಶೆರಿಫ್‌ನ ಕಾನೂನಿನಲ್ಲಿ ಕೊಕ್ಕೆಯೇ ಇಲ್ಲ. ಹ್ಯೂ ಅವನನ್ನು ಅವನ ಪಾಡಿಗೆ ಬಿಡುತ್ತಾನೆ.

ಅದೇ ಪುಸ್ತಕದಲ್ಲಿ ರಾಜಾಜ್ಞೆಯ ಇನ್ನೊಂದು ಕೆಲಸವಿದೆ. ಸಾಮ್ರಾಜ್ಞಿಯ ಪಕ್ಷದ ನಿನಿಯನ್ ಎಂಬ ಯುವಕ ಕ್ಯಾಡ್‌ಫೇಲ್‌ನ ತೋಟದಲ್ಲಿ ಕೂಲಿಯವನಾಗಿ ಅಡಗಿದ್ದಾನೆ, ಅವನನ್ನು ಹಿಡಿಯುವುದು ಹ್ಯೂನ ಕರ್ತವ್ಯ. ಹ್ಯೂ ಹುಡುಕುತ್ತಾನೆ, ಆದರೆ ಎಲ್ಲಿ ಯಾವಾಗ ಹುಡುಕುತ್ತೇನೆಂದು ಗೆಳೆಯನ ಕಿವಿಗೆ ಬೀಳುವಷ್ಟು ಬಹಿರಂಗವಾಗಿ. ಹುಡುಗ ತಪ್ಪಿಸಿಕೊಂಡು ಹೋಗುತ್ತಾನೆ. ಹ್ಯೂ ದ್ರೋಹ ಮಾಡಿದನೆನ್ನಲು ಯಾರ ಬಳಿಯೂ ಸಾಕ್ಷ್ಯವಿಲ್ಲ, ಅವನು ಕರ್ತವ್ಯ ಮಾಡಿದನೆಂದು ಅವನೂ ನಂಬಿಲ್ಲ.

ಈ ಕರುಣೆಯನ್ನು ನಾನು ಮನಸಾರೆ ಪ್ರೀತಿಸುತ್ತೇನೆ. ಜೊತೆಗೇ, ಅದು ಸ್ಟೀಫನ್‌ನಂಥ ಮರೆವಿನ, ಉದಾರ ರಾಜನ ಕೆಳಗಷ್ಟೇ ಸಾಧ್ಯವಿತ್ತು ಎಂದೂ ತಿಳಿದಿದ್ದೇನೆ. 1154ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಹೆನ್ರಿ 1170ರಲ್ಲಿ, ನಾಲ್ಕು ವರ್ಷ ಸಮುದ್ರದಾಚೆ ಕಳೆದು ಮರಳಿದವನು, ದೇಶದ ಶೆರಿಫ್‌ರ ಮೇಲೆಲ್ಲ ವಿಚಾರಣೆ ಹೂಡಿ ಅವರಲ್ಲಿ ಬಹುಪಾಲು ಜನರನ್ನು ಹುದ್ದೆಯಿಂದ ತೆಗೆದ. ಜನರಿಂದ ಎಷ್ಟು ಕಿತ್ತಿರಿ, ಯಾವ ಕಾರಣಕ್ಕೆ ಎಂದು ಕೇಳಿದ ಆ ಪ್ರಶ್ನಾವಳಿಯಲ್ಲಿ, ಆಪಾದಿತರಲ್ಲಿ ಯಾರನ್ನಾದರೂ ಲಂಚಕ್ಕಾಗಿ, ಮಾತು ಕೊಟ್ಟದ್ದಕ್ಕಾಗಿ ಅಥವಾ ಪ್ರೀತಿಗಾಗಿ ಬಿಟ್ಟದ್ದುಂಟೇ ಎಂಬುದೂ ಇತ್ತು. ಅಷ್ಟು ಹೊತ್ತಿಗೆ ಹ್ಯೂಗೆ ಐವತ್ತು ದಾಟಿರುತ್ತಿತ್ತು. ಲಂಚದ ಪ್ರಶ್ನೆಗೆ ಅವನು ತಲೆಯೆತ್ತಿ ಇಲ್ಲ ಎನ್ನುತ್ತಿದ್ದ. ಮೂರನೆಯದಕ್ಕೆ ಪ್ರಮಾಣ ಮಾಡಿ ಉತ್ತರ ಹೇಳಬೇಕಾಗಿ ಬಂದಿದ್ದರೆ, ತನ್ನ ಹುದ್ದೆಯನ್ನು ಉಳಿಸಿಕೊಳ್ಳುವಂಥ ಉತ್ತರ ಅವನ ಬಳಿ ಇರುತ್ತಿರಲಿಲ್ಲ.